ಶುಗರ್ ಇದ್ದವರ ಕಾಲಿನ ಹುಣ್ಣನ್ನು ಬಿಸಿಲಿಗೆ ಒಣಗಿಸಬೇಕಾ? ಸತ್ಯಾಂಶ

ಬೇಸಿಗೆ ಬಂತೆಂದರೆ ರಾಯಚೂರು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಇದೊಂದು ಮೆಸೇಜ್ ತಿರುಗುತ್ತದೆ: ಶುಗರ್ ಇದ್ದವರ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಬೇಡಿ, ಅರಿಶಿನ ಹಚ್ಚಿ ಬಿಸಿಲಿಗೆ ಬಿಡಿ. ಕಳಿಸುವವರ ಮನಸ್ಸು ಒಳ್ಳೆಯದೇ. ಆದರೆ ಮಾತು ತಪ್ಪು.

ಹೊಸ ಚರ್ಮ ಹದವಾದ ತೇವದಲ್ಲಿ ಬೇಗ ಹಬ್ಬುತ್ತದೆ, ಒಣಗಿ ಗಟ್ಟಿಯಾದ ಹಕ್ಕಳೆ ಅದಕ್ಕೆ ಅಡ್ಡ. ಹಂದಿಗಳ ಮೇಲೆ ನಡೆದ ಪ್ರಯೋಗ 1962ರಲ್ಲೇ ಇದನ್ನು ತೋರಿಸಿತ್ತು. ತೇವ ಅಂದರೆ ಸುಮ್ನೆ ನೀರಲ್ಲಿ ನೆನೆಸುವುದಲ್ಲ, ರಸ ಜಾಸ್ತಿ ಸೋರುತ್ತಿದ್ದರೆ ಅದನ್ನು ಹೀರುವ ಡ್ರೆಸ್ಸಿಂಗ್ ಬೇಕು, ಪಾದದಡಿಯ ಹುಣ್ಣಾದರೆ ಅದರ ಮೇಲೆ ಭಾರ ಬೀಳದಂತೆಯೂ ನೋಡಬೇಕು. ಇನ್ನು ನಮ್ಮ ಬಿಸಿಲು! ಶುಗರ್‌ನಿಂದ ಜೋಮು ಹಿಡಿದ ಪಾದ ಸುಟ್ಟರೂ ಗೊತ್ತಾಗುವುದಿಲ್ಲ. ರಕ್ತ ಹರಿಯದೆ ಕಪ್ಪಾಗಿ ಒಣಗಿದ ಬೆರಳನ್ನು ಒಣದಾಗಿಯೇ ಇಡಿ ಎಂದು ವೈದ್ಯರು ಹೇಳಬಹುದು. ಅದು ಬೇರೆ ಮಾತು.

ಇಂಥ ಮೆಸೇಜ್ ಬಂದಾಗ ಯಾವ ಬಗೆಯ ಗಾಯ ಎಂದು ಹೇಳಿದೆಯಾ ನೋಡಿ. ಎಲ್ಲ ಗಾಯಕ್ಕೂ ಒಂದೇ ಮದ್ದು ಅಂದರೆ ಅಲ್ಲೇ ಅನುಮಾನ ಬರಬೇಕು, ಅಲ್ವಾ? ಬರೆದವರು ಯಾರು, ಯಾವಾಗ ಬರೆದದ್ದು ಹುಡುಕಿ. ಅದಕ್ಕಿಂತ ಸುಲಭ, ತಾಲೂಕು ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಮಾಡುವ ಸಿಸ್ಟರ್‌ಗೆ ಮೆಸೇಜ್ ತೋರಿಸಿ ಕೇಳಿ, ಹಾಗೇ ಕಾಲನ್ನೂ ತೋರಿಸಿ.