ಇಮೇಲ್ ತಡವಾದರೆ ಕಳಿಸಿದವರನ್ನು ಅನುಮಾನಿಸಬೇಡಿ

‘ಬೆಳಿಗ್ಗೆಯೇ ಕಳಿಸಿದ್ದೆ’ ಎಂದವರನ್ನು ಸುಳ್ಳುಗಾರರಂತೆ ನೋಡುವವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅರ್ಜಿ ಹಾಕಿದವರು, ಬಿಲ್ ಕಳಿಸಿದವರು, ರಜೆ ಕೇಳಿದವರು ಮಾಡದ ತಪ್ಪಿಗೆ ತಲೆ ತಗ್ಗಿಸಬೇಕಾಗುತ್ತದೆ. ಇಮೇಲ್ ತಡವಾಗಲು ಅದರ ಹುಟ್ಟುಗುಣವೇ ಕಾರಣವಿರಬಹುದು ಎಂದು ಯಾರೂ ಯೋಚಿಸುವುದಿಲ್ಲ.

ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಗಳನ್ನು ಕಂಪ್ಯೂಟರ್ ವಿಜ್ಞಾನಿ ಜಾನ್ ಪೋಸ್ಟೆಲ್ 1982ರಲ್ಲಿ ಬರೆದರು. ಆ ಕಡೆಯ ಯಂತ್ರ ಯಾವಾಗಲೂ ಎಚ್ಚರವಾಗಿರುತ್ತದೆ ಎಂದು ನಂಬುವಂತಿರದ ಕಾಲ ಅದು. ಹಾಗಾಗಿ ಪತ್ರ ಒಂದು ಸರ್ವರ್‌ನಿಂದ ಮತ್ತೊಂದಕ್ಕೆ ಕೈ ಬದಲಾಯಿಸುತ್ತಾ ಹೋಗುತ್ತದೆ. ಮುಂದಿನ ಸರ್ವರ್ ಸಿಗದಿದ್ದರೆ ಸರದಿಯಲ್ಲಿ ಕಾದು ಮತ್ತೆ ಪ್ರಯತ್ನಿಸುತ್ತದೆ. ಎರಡು ಪ್ರಯತ್ನಗಳ ನಡುವೆ ಸಾಮಾನ್ಯವಾಗಿ 30 ನಿಮಿಷವಾದರೂ ಇರಲಿ, ಕೈಬಿಡುವ ಮುನ್ನ 4–5 ದಿನವಾದರೂ ಕಾಯಲಿ ಎಂಬುದು 2008ರ ಪರಿಷ್ಕೃತ ನಿಯಮದ ಸಲಹೆ. ಹಲವು ಸರ್ವರ್‌ಗಳು ಮೊದಮೊದಲು ಇದಕ್ಕಿಂತ ಬೇಗ ಪ್ರಯತ್ನಿಸುತ್ತವೆ, ನಿಜ. ಆದರೂ ಪತ್ರ ಕಳೆದುಹೋಗಬಾರದು ಎಂಬ ಕಾಳಜಿ ಈ ವ್ಯವಸ್ಥೆಯಲ್ಲಿ ಎಷ್ಟಿದೆಯೋ, ಈ ಕ್ಷಣವೇ ತಲುಪಬೇಕೆಂಬ ಆತುರ ಅಷ್ಟಿಲ್ಲ. ಈ ತಾಳ್ಮೆಯನ್ನು ನಾನು ಮನಸಾರೆ ಗೌರವಿಸುತ್ತೇನೆ.

ಬೇಕೆಂದೇ ತಡ ಮಾಡುವುದೂ ಉಂಟು. ಗ್ರೇಲಿಸ್ಟಿಂಗ್ ಎಂಬ ಪದ್ಧತಿಯಲ್ಲಿ, ಅಪರಿಚಿತ ಕಡೆಯಿಂದ ಮೊದಲ ಸಲ ಪತ್ರ ಬಂದಾಗ ಸರ್ವರ್ ‘ಸದ್ಯಕ್ಕೆ ಆಗದು, ಆಮೇಲೆ ಬನ್ನಿ’ ಎಂದು ಹಿಂದಕ್ಕೆ ಕಳಿಸುತ್ತದೆ. ಸ್ಪ್ಯಾಮ್ ಸುರಿಯುವವರು ಅನೇಕ ಬಾರಿ ಮತ್ತೆ ಬರುವುದಿಲ್ಲ. ನಿಜವಾದ ಸರ್ವರ್ ಬರುತ್ತದೆ, ಪತ್ರ ಒಳಗೆ ಹೋಗುತ್ತದೆ. ಇದರ ಪೆಟ್ಟು ಬೀಳುವುದು ಮೊದಲ ಬಾರಿ ಬರೆದವರಿಗೆ, ಅಂದರೆ ಹೊಸ ಅರ್ಜಿದಾರರಿಗೆ, ಹೊಸ ಗ್ರಾಹಕರಿಗೆ. ಇನ್ನು ಲಗತ್ತುಗಳ ವೈರಸ್ ತಪಾಸಣೆ, ಬ್ಯಾಟರಿ ಉಳಿಸಲು ಮೊಬೈಲ್ ಮಾಡುವ ವಿಳಂಬ ಬೇರೆ.

ಅನುಮಾನವಿದ್ದರೆ ಪತ್ರದ ಪೂರ್ಣ ಹೆಡರ್, ಅಂದರೆ ಅದು ಸಾಗಿಬಂದ ದಾರಿಯ ದಾಖಲೆ, ತೆರೆದು ನೋಡಿ. ಜಿಮೇಲ್‌ನಲ್ಲಿ ‘ಶೋ ಒರಿಜಿನಲ್’ ಒತ್ತಿದರೆ ಸಾಕು. ‘ರಿಸೀವ್ಡ್’ ಎಂದು ಶುರುವಾಗುವ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಏಕೆಂದರೆ ಪ್ರತಿ ಸರ್ವರ್ ತನ್ನ ಮುದ್ರೆಯನ್ನು ಮೇಲೆಯೇ ಒತ್ತುತ್ತದೆ. ಕೆಳಗಿನ ಸಾಲಿನಲ್ಲಿ 10:02, ಅದರ ಮೇಲೆ ಮತ್ತೆ 10:02, ಅದರ ಮೇಲೆ 10:41 ಎಂದಿದ್ದರೆ ಪತ್ರ ನಿಂತದ್ದು ಕೊನೆಯ ಎರಡು ಸರ್ವರ್‌ಗಳ ನಡುವೆ. ಸಮಯವಲಯ ಬೇರೆ ಬೇರೆ ಇರಬಹುದು, ಲೆಕ್ಕ ಹಾಕುವಾಗ ಗಮನಿಸಿ.

ನನ್ನ ನಿಜವಾದ ಸಿಟ್ಟು ಇಮೇಲ್‌ಗೆ ಹತ್ತು ನಿಮಿಷದ ಗಡುವು ಕಟ್ಟುವ ಜಾಲತಾಣಗಳ ಮೇಲೆ. ಒಟಿಪಿ ಬರುವುದಿಲ್ಲ, ‘ಮತ್ತೆ ಕಳಿಸಿ’ ಒತ್ತುತ್ತೇವೆ. ಆಗ ಹೊಸ ಸಂಖ್ಯೆ ಹುಟ್ಟಿ, ಬಹಳಷ್ಟು ಕಡೆ ಹಳೆಯದು ರದ್ದಾಗುತ್ತದೆ. ಅಷ್ಟರಲ್ಲಿ ಸರದಿಯಲ್ಲಿದ್ದ ಹಳೆಯ ಪತ್ರ ಬರುತ್ತದೆ, ಅದರಲ್ಲಿನ ಸಂಖ್ಯೆ ತುಂಬಿದರೆ ‘ತಪ್ಪು ಸಂಖ್ಯೆ’ ಎಂಬ ಉತ್ತರ. ಕೆಲವು ಸಲ ಹೀಗಾದರೆ ಖಾತೆಯೇ ಬಂದ್. ದಿನಗಟ್ಟಲೆ ಕಾಯಲು ಸಿದ್ಧವಿರುವ ವ್ಯವಸ್ಥೆಯನ್ನು ನಿಮಿಷದ ಕೆಲಸಕ್ಕೆ ಹೂಡಿದವರು ಹೊಣೆ ಹೊರಬೇಕು. ಗಡುವನ್ನು ಒಂದು ಗಂಟೆಗಾದರೂ ಹಿಗ್ಗಿಸಲಿ, ಇಲ್ಲವೇ ಮೊಬೈಲ್‌ನಲ್ಲೇ ಸಂಖ್ಯೆ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್‌ನಂಥ ಬೇರೆ ದಾರಿ ಕೊಡಲಿ. ಅರ್ಜಿ ಸ್ವೀಕರಿಸುವ ಕಚೇರಿಗಳೂ ಅಷ್ಟೆ: ಪತ್ರ ತಮ್ಮ ಪೆಟ್ಟಿಗೆಗೆ ಬಿದ್ದ ಹೊತ್ತನ್ನು ಬಿಟ್ಟು, ಹೆಡರ್‌ನಲ್ಲಿ ಮೊದಲ ಸರ್ವರ್ ಒತ್ತಿದ ಹೊತ್ತನ್ನು ಪರಿಗಣಿಸಲಿ.