ಶೋ ಮುಗಿದ ಮೇಲೆ ಬೇಡ, ಸೌಂಡ್‌ಚೆಕ್ ಮುಗಿದ ಮೇಲೆ ಭೇಟಿ ಮಾಡಿಸಿ

ಫೆಸ್ಟ್ ಸೀಸನ್ ಬಂತು ಅಂದ್ರೆ ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಿಗೆ ಬೆಂಗಳೂರಿನಿಂದ ರಾಕ್ ಬ್ಯಾಂಡ್‌ಗಳು ಬರೋದು ಈಗ ಹೊಸದೇನಲ್ಲ. ಹಾಡೂ ಚೆನ್ನಾಗಿರುತ್ತೆ, ಜನವೂ ಸೇರ್ತಾರೆ. ಕೆಡೋದು ಕೊನೆಯ ಅರ್ಧ ಗಂಟೆ. ಕಲಾವಿದರು ಸ್ಟೇಜ್ ಇಳಿದ ಕೂಡಲೇ ಹಿಂದಿನ ಶಾಮಿಯಾನಕ್ಕೆ ಜನ ನುಗ್ತಾರೆ. ಕೆಲವರಿಗೆ ಮಸುಕು ಮಸುಕಾದ ಸೆಲ್ಫಿ ಸಿಗುತ್ತೆ, ಉಳಿದವರಿಗೆ ಅದೂ ಇಲ್ಲ. ಆ ಹಾಡುಗಳ ಗಿಟಾರ್ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಚ್ಛ) ಹುಡುಕಿ, ರಾತ್ರಿಯೆಲ್ಲ ಕೂತು ಗಿಟಾರಲ್ಲಿ ನುಡಿಸಿ ಕಲಿತ ಹುಡುಗ ಬ್ಯಾರಿಕೇಡ್ ಆಚೆಗೇ ಉಳೀತಾನೆ. ಇದಕ್ಕೆ ಜನರಿಗೆ ಶಿಸ್ತಿಲ್ಲ ಅಂತ ಬೈದು ಪ್ರಯೋಜನ ಇಲ್ಲ. ಭೇಟಿಗೆ ಆರಿಸಿಕೊಂಡ ಹೊತ್ತೇ ತಪ್ಪು.

ಯಾಕೆ ಅಂತ ಹೇಳ್ತೀನಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಿಶೇಷ ವಿನಾಯಿತಿ ಇಲ್ಲದೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕೋ ಹಾಗಿಲ್ಲ. ನಮ್ಮಲ್ಲಿ ಸಭಾ ಕಾರ್ಯಕ್ರಮ ಎಳೆದೂ ಎಳೆದೂ ಬ್ಯಾಂಡಿಗೆ ಸ್ಟೇಜ್ ಸಿಗೋದೇ ಎಂಟೂವರೆಗೆ. ಹಾಗಾಗಿ ಅವರು ಹತ್ತು ಗಂಟೆಯ ಅಂಚಿನ ತನಕ ಹಾಡಿ ನಿಲ್ಲಿಸ್ತಾರೆ. ಆಮೇಲೆ ಡ್ರಮ್ ಬಿಚ್ಚಬೇಕು, ಪೆಡಲ್‌ಬೋರ್ಡ್ (ಗಿಟಾರಿನ ಸದ್ದು ಬದಲಿಸೋ, ಕಾಲಲ್ಲಿ ಒತ್ತೋ ಪೆಡಲ್‌ಗಳ ಹಲಗೆ) ಕೇಸಿಗೆ ಹಾಕಬೇಕು, ಯಾವ ಕೇಬಲ್ ತಮ್ಮದು, ಯಾವುದು ಸೌಂಡಿನವರದ್ದು ಅಂತ ನೋಡಿ ಸುತ್ತಬೇಕು. ಸಣ್ಣ ಬ್ಯಾಂಡ್‌ಗಳಲ್ಲಿ ಈ ಕೆಲಸವೆಲ್ಲ ಕಲಾವಿದರದ್ದೇ. ಅದಾದ ಮೇಲೆ ಟಿಟಿ (ಟೆಂಪೊ ಟ್ರಾವೆಲರ್) ಹತ್ತಿ ಬೆಂಗಳೂರಿಗೆ ಹತ್ತಿರ ಹತ್ತಿರ 260 ಕಿಲೋಮೀಟರ್. ಚಿತ್ರದುರ್ಗದಿಂದ ಆದರೂ 200.

ಗಂಟಲಿನ ವಿಷಯ ಇನ್ನೂ ಮುಖ್ಯ. ಒಂದೂವರೆ ಗಂಟೆ ಏರುದನಿಯಲ್ಲಿ ಹಾಡಿದವರ ಧ್ವನಿತಂತುಗಳು ಆಗಷ್ಟೇ ಊದಿಕೊಂಡಿರುತ್ತವೆ. ಆ ಹೊತ್ತಲ್ಲಿ ಜನರೇಟರ್ ಸದ್ದು, ಜನರ ಗದ್ದಲದ ಮೇಲೆ ದನಿ ಏರಿಸಿ ಮಾತಾಡೋದು ಹಾಡೋದಕ್ಕಿಂತ ಹೆಚ್ಚು ಪೆಟ್ಟು. ಕೇಳೋರ ಕಿವಿಯೂ ಸರಿ ಇರಲ್ಲ. 100 ಡೆಸಿಬೆಲ್ ಸದ್ದಿನಲ್ಲಿ ಕಿವಿಗೆ ಅಪಾಯವಿಲ್ಲದೆ ಇರಬಹುದಾದ ಹೊತ್ತು 15 ನಿಮಿಷ, ನಾವು ಸ್ಪೀಕರ್ ಮುಂದೆ ಎರಡು ಗಂಟೆ ನಿಂತಿರ್ತೀವಿ. ಕಿವಿ ಮಂಕಾಗಿ, ಗೊತ್ತಿಲ್ಲದೆ ಅವರ ಮುಖದ ಹತ್ತಿರ ಹೋಗಿ ಕಿರುಚ್ತೀವಿ. ಸ್ಟೇಜ್ ಮೇಲಿರೋವಾಗ ಕರೆದರೆ ತಿರುಗಿ ನೋಡಲ್ಲ ಅಂತ ಬೇಜಾರು ಮಾಡ್ಕೊಳ್ಳೋರೂ ಇದ್ದಾರೆ. ಕಿವಿಯಲ್ಲಿ ಇನ್-ಇಯರ್ ಮಾನಿಟರ್ ಇದ್ದಾಗ ಮಿಕ್ಸರಿನಿಂದ ಬರೋದು ಬಿಟ್ಟು ಹೊರಗಿನ ಮಾತು ಅವರಿಗೆ ಸರಿಯಾಗಿ ಕೇಳಿಸೋದೇ ಇಲ್ಲ.

ಹಾಗಾದರೆ ಯಾವಾಗ? ಸೌಂಡ್‌ಚೆಕ್ ಮುಗಿದ ಮೇಲೆ. ಸೌಂಡ್‌ಚೆಕ್ ಅಂದರೆ ಶೋಗೆ ಮುಂಚೆ ಒಂದೊಂದೇ ವಾದ್ಯ, ಮೈಕಿನ ಸದ್ದನ್ನು ಸರಿ ಮಾಡಿ ನೋಡೋದು. ದೊಡ್ಡ ಬ್ಯಾಂಡ್‌ಗಳ ಟೂರಿನಲ್ಲೂ ಮೀಟ್ ಅಂಡ್ ಗ್ರೀಟ್ (ಅಭಿಮಾನಿಗಳ ಭೇಟಿ) ಇಡೋದು ಸಾಮಾನ್ಯವಾಗಿ ಶೋಗೆ ಮುಂಚೆಯೇ. ಸೌಂಡ್‌ಚೆಕ್ ನಡೆಯೋದು ಹೆಚ್ಚಾಗಿ ಉಲ್ಟಾ ಕ್ರಮದಲ್ಲಿ. ಕೊನೆಗೆ ಹಾಡೋ ಮುಖ್ಯ ಬ್ಯಾಂಡಿನದ್ದು ಮೊದಲು, ಸಂಜೆ ಮೊದಲು ಹಾಡೋ ಕಾಲೇಜ್ ಬ್ಯಾಂಡಿನದ್ದು ಕೊನೆಗೆ. ಕೊನೆಗೆ ಚೆಕ್ ಮಾಡಿದವರ ಸೆಟ್ಟಿಂಗ್ ಹಾಗೇ ಉಳಿದು ಕಾರ್ಯಕ್ರಮ ನೇರ ಶುರುವಾಗಲಿ ಅಂತ ಈ ಏರ್ಪಾಡು. ಮುಖ್ಯ ಬ್ಯಾಂಡು ಮಧ್ಯಾಹ್ನ ಎರಡಕ್ಕೆ ಕಿಕ್, ಸ್ನೇರ್ ಅನ್ನೋ ಡ್ರಮ್‌ಗಳಿಂದ ಶುರು ಮಾಡಿದರೆ ಬೇಸ್, ಗಿಟಾರ್, ಕೀಬೋರ್ಡ್ ದಾಟಿ ಮೈಕಿಗೆ ಬರೋ ಹೊತ್ತಿಗೆ ಮೂರೂವರೆ, ನಾಲ್ಕು. ಅಲ್ಲಿಂದ ರಾತ್ರಿ ತನಕ ಅವರು ಬಿಡುವು. ಮೈ ಬೆವರಿಲ್ಲ, ಗಂಟಲು ತಾಜಾ, ಬೆಳಕು ಇದೆ.

ಆದರೆ ಸ್ಟೇಜ್ ಹಿಂದೆ ಮಾತ್ರ ಇಡಬೇಡಿ. ಆಗ ಕಾಲೇಜ್ ಬ್ಯಾಂಡಿನ ಹುಡುಗರು ಡ್ರಮ್ ಚೆಕ್ ಮಾಡ್ತಿರ್ತಾರೆ, ಸ್ನೇರ್ ಒಂದನ್ನೇ ಹತ್ತು ನಿಮಿಷ ಬಡೀತಾರೆ. ಅಲ್ಲಿ ಒಂದು ಮಾತೂ ಕೇಳಿಸಲ್ಲ. ಕಾಲೇಜಿನ ಸೆಮಿನಾರ್ ಹಾಲ್ ಸಾಕು. ಒಂದು ಬಾಗಿಲಿಂದ ಒಳಗೆ, ಇನ್ನೊಂದರಿಂದ ಹೊರಗೆ. ಎರಡು ಬಾಗಿಲು ಇರೋ ಕೋಣೆಯನ್ನೇ ಆರಿಸಿ. ಒಂದೇ ಬಾಗಿಲಿದ್ದರೆ ಫೋಟೋ ತೆಗೆಸಿಕೊಂಡವರು ಅಲ್ಲೇ ನಿಂತು ವಿಡಿಯೊ ಮಾಡ್ತಾರೆ, ಹತ್ತು ನಿಮಿಷದಲ್ಲಿ ಸಾಲು ಅನ್ನೋದು ಗುಂಪಾಗಿರುತ್ತೆ.

ಲೆಕ್ಕ ಹೀಗೆ. ಒಬ್ಬರಿಗೆ 30 ಸೆಕೆಂಡ್, 60 ಜನ, ಒಟ್ಟು ಅರ್ಧ ಗಂಟೆ. ಒಂದು ಫೋಟೋ, ಒಂದು ಸಹಿ, ಎರಡು ಮಾತಿಗೆ ಇಷ್ಟು ಸಾಕಾಗುತ್ತೆ. ಪ್ರತಿಯೊಬ್ಬರೂ ತಮ್ಮ ತಮ್ಮ ಫೋನ್ ಕೊಟ್ಟು ಫೋಟೋ ತೆಗೆಸಿಕೊಂಡರೆ ಲಾಕ್ ತೆಗೆಯೋದು, ಕ್ಯಾಮೆರಾ ಹುಡುಕೋದು, ಫ್ಲ್ಯಾಶ್ ಆಫ್ ಮಾಡೋದು ಅಂತ ತಲೆಗೆ 15 ಸೆಕೆಂಡ್ ಹೆಚ್ಚು. ಅದೇ ಅರ್ಧ ಗಂಟೆ ಮುಕ್ಕಾಲು ಗಂಟೆ ಆಗೋದು ಹೀಗೆ. ಆದ್ದರಿಂದ ಒಬ್ಬನೇ ಫೋಟೋಗ್ರಾಫರ್, ಒಂದೇ ಕ್ಯಾಮೆರಾ. ಹೊರಹೋಗೋ ಬಾಗಿಲಲ್ಲಿ ಒಂದು ಕ್ಯುಆರ್ ಕೋಡ್ ಅಂಟಿಸಿ. ಮರುದಿನ ಫೋಟೋಗಳನ್ನೆಲ್ಲ ಅಲ್ಲಿ ಹಾಕಿದರೆ ಆಯಿತು. ಸ್ವಯಂಸೇವಕರು ನಾಲ್ಕು ಜನ ಬೇಕು. ಒಬ್ಬ ಬಾಗಿಲಲ್ಲಿ ಹೆಸರು ನೋಡೋಕೆ, ಒಬ್ಬ ಸಹಿ ಹಾಕಿಸೋ ವಸ್ತುವನ್ನು ಚೀಲದಿಂದ ಮುಂಚೆಯೇ ತೆಗೆಸಿ ಇಡೋಕೆ, ಒಬ್ಬ ಕಲಾವಿದರ ಪಕ್ಕ ಪೆನ್ನು ಹಿಡಿದು, ಕೊನೆಯವನು ಹೊರಗೆ ಕಳಿಸೋಕೆ.

60 ಜನ ಯಾರು ಅನ್ನೋದೇ ಜಗಳದ ಬೇರು. ಮೊದಲು ಬಂದವರಿಗೆ ಅಂದರೆ ಬೆಳಿಗ್ಗೆಯಿಂದಲೇ ಗೇಟಿನಲ್ಲಿ ನೂಕುನುಗ್ಗಲು. ಎರಡು ದಿನ ಮುಂಚೆ ಚೀಟಿ ಎತ್ತಿ, ಹೆಸರಿನ ಪಟ್ಟಿ ಅಂಟಿಸಿ, ಗುರುತಿನ ಚೀಟಿ ನೋಡಿ ಬಿಡಿ. ಬ್ರಿಟನ್ನಿನ ಐರನ್ ಮೇಡನ್‌ನಂಥ ಹೆವಿ ಮೆಟಲ್ ಬ್ಯಾಂಡಿನ ಅಭಿಮಾನಿ ಸಂಘವೇ ಬ್ಯಾರಿಕೇಡಿನ ಮುಂದೆ ಮೊದಲು ನಿಲ್ಲೋ ಅವಕಾಶವನ್ನು ಚೀಟಿ ಎತ್ತಿ ಸದಸ್ಯರಿಗೆ ಹಂಚುತ್ತೆ. ನಮಗೇನು ಕಷ್ಟ? ಹರಿಹರ, ಜಗಳೂರು, ಹೊಳಲ್ಕೆರೆ ಕಡೆಯಿಂದ ಬರೋರಿಗೂ ಆಗ ಸಮಾನ ಅವಕಾಶ.

ಈ ಮಾತನ್ನ ನೇರವಾಗೇ ಹೇಳಬೇಕು: ಪ್ರಾಯೋಜಕರ ಮಕ್ಕಳು, ಆಡಳಿತ ಮಂಡಳಿಯ ನೆಂಟರು, ಮುಖ್ಯ ಅತಿಥಿಗಳ ಜೊತೆ ಬಂದವರು ಗ್ರೀನ್ ರೂಮನ್ನು ತುಂಬಿಸಿಬಿಡೋದು ನಿಲ್ಲಬೇಕು. ಹಾಡಿನ ಹೆಸರೇ ಗೊತ್ತಿಲ್ಲದವರು ಕಲಾವಿದರ ಹೆಗಲ ಮೇಲೆ ಕೈ ಹಾಕಿ ನಿಲ್ಲೋದು, ಎಲ್ಲ ಗೊತ್ತಿರೋರು ಹೊರಗೆ ನಿಲ್ಲೋದು ಅನ್ಯಾಯ. ಪ್ರಾಯೋಜಕರಿಗೆ 60ರಲ್ಲಿ ಹತ್ತು ಸ್ಥಾನ ಕೊಡಿ, ಅವರೂ ಅದೇ ಸಾಲಿನಲ್ಲಿ ಬರಲಿ. ಶಾಲು, ಹಾರ, ಪೇಟದ ಸನ್ಮಾನವನ್ನೂ ಸೆಮಿನಾರ್ ಹಾಲಿನಲ್ಲೇ ಮುಗಿಸಿ. ಎರಡು ಹಾಡಿನ ನಡುವೆ ಸ್ಟೇಜಿಗೆ ನುಗ್ಗಿ ಪೇಟ ತೊಡಿಸಿದರೆ ಇನ್-ಇಯರ್ ವೈರ್ ಕಿತ್ತು ಬರುತ್ತೆ, ಹತ್ತು ನಿಮಿಷ ಹೋಗುತ್ತೆ, ಅಂದರೆ ಎರಡು ಹಾಡು ಹೋಯ್ತು. ಇದೆಲ್ಲ ಅಡ್ವಾನ್ಸ್ ಕೊಡೋವಾಗಲೇ ಕರಾರಿನಲ್ಲಿ ಬರೆಸಿಕೊಳ್ಳಿ: ಸೌಂಡ್‌ಚೆಕ್ ನಂತರ 30 ನಿಮಿಷ, 60 ಜನ, ಎಲ್ಲಿ, ಯಾರು ಕರೆದೊಯ್ತಾರೆ. ಬಂದಿಳಿದ ಮೇಲೆ ಕೇಳಿದರೆ ಮ್ಯಾನೇಜರ್ ಬೇಡ ಅಂತಾನೇ ಹೇಳೋದು, ಮತ್ತೆ ಅದು ಸರಿ ಕೂಡ.

ಇನ್ನು ಅಭಿಮಾನಿಗಳ ಕಡೆಯ ತಯಾರಿ. ಸಹಿ ಹಾಕಿಸೋಕೆ ಇಡೀ ಗಿಟಾರ್ ಹೊತ್ತು ತರೋದು ಬೇಡ. ಸ್ಟ್ರಾಟ್ ಮಾದರಿ (ಫೆಂಡರ್ ಸ್ಟ್ರಾಟೊಕಾಸ್ಟರ್ ಥರದ) ಎಲೆಕ್ಟ್ರಿಕ್ ಗಿಟಾರ್ ಇರೋರು ಅದರ ಪಿಕ್‌ಗಾರ್ಡ್ (ಮೈಗೆ ಗೀರು ಬೀಳದ ಹಾಗೆ ಮುಂಭಾಗಕ್ಕೆ ಹಾಕಿರೋ ಪ್ಲಾಸ್ಟಿಕ್ ತಟ್ಟೆ) ಬಿಚ್ಚಿ ತರೋಣ ಅಂದ್ಕೋತಾರೆ. 11 ಸ್ಕ್ರೂ ಬಿಚ್ಚಿದ ಮೇಲೆ ಗೊತ್ತಾಗುತ್ತೆ, ಪಿಕಪ್ (ತಂತಿಯ ಕಂಪನ ಹಿಡಿಯೋ ಭಾಗ), ವಾಲ್ಯೂಮ್ ತಿರುಗಿಸೋ ಪಾಟ್, ಸ್ವಿಚ್ ಎಲ್ಲ ಅದಕ್ಕೇ ಅಂಟಿಕೊಂಡಿವೆ, ಜ್ಯಾಕಿನ ವೈರು ಬೆಸುಗೆ ಬಿಡಿಸದೆ ಬರಲ್ಲ ಅಂತ. ಬೇರೆ ಖಾಲಿ ಪಿಕ್‌ಗಾರ್ಡ್ ಕೊಂಡು ತನ್ನಿ, ನೋಟ್‌ಬುಕ್ ಜೊತೆ ಬ್ಯಾಗಲ್ಲಿ ಕೂರುತ್ತೆ. ಹೊಸದರ ಮೇಲೆ ತೆಳ್ಳನೆ ಪಾರದರ್ಶಕ ಹಾಳೆ ಇರುತ್ತೆ, ಅದನ್ನು ಮನೆಯಲ್ಲೇ ಕಿತ್ತು, ಒಣಬಟ್ಟೆಯಲ್ಲಿ ಬೆರಳಿನ ಜಿಡ್ಡು ಒರೆಸಿ ತನ್ನಿ. ಹಾಳೆಯ ಮೇಲೆ ಬಿದ್ದ ಸಹಿ ಹಾಳೆ ಜೊತೆಗೇ ಹೋಗುತ್ತೆ. ನುಡಿಸೋ ಗಿಟಾರಿಗೇ ಹಾಕೋ ಯೋಚನೆ ಇದ್ದರೆ ಮೇಲಿನ ಕೊಂಬಿನ (ಗಿಟಾರಿನ ಮೈ ಕೊಂಬಿನ ಹಾಗೆ ಚಾಚಿರೋ ಭಾಗದ) ಕಡೆ ಸಹಿ ಹಾಕಿಸಿ. ತಂತಿಯ ಕೆಳಗಿನ ಜಾಗವನ್ನು ಪ್ಲೆಕ್ಟ್ರಮ್ (ತಂತಿ ಮೀಟೋ ಬಿಲ್ಲೆ) ಕೆರೆದು ಕೆರೆದು ಸಹಿಯನ್ನೇ ತಿಂದುಬಿಡುತ್ತೆ.

ಪೆನ್ನು ನಿಮ್ಮದೇ ಇರಲಿ, ಎರಡು ಇರಲಿ. ಬಿಳಿ ಪ್ಲಾಸ್ಟಿಕ್, ಸಿ.ಡಿ. ಬುಕ್‌ಲೆಟ್, ಡ್ರಮ್ಮಿನ ಹೆಡ್ಡಿಗೆ (ಬಡಿಯೋ ಹೊದಿಕೆಗೆ) ಕಪ್ಪು ಪರ್ಮನೆಂಟ್ ಮಾರ್ಕರ್. ಕಪ್ಪು ಮೇಲ್ಮೈಗೆ ಬೆಳ್ಳಿ ಬಣ್ಣದ ಪೇಂಟ್ ಮಾರ್ಕರ್. ಪೇಂಟ್ ಮಾರ್ಕರನ್ನು ಮುಚ್ಚಳ ಹಾಕಿಯೇ ಒಳಗಿನ ಗುಂಡು ಕಟಕಟ ಅನ್ನೋ ತನಕ ಕುಲುಕಿ, ತುದಿಯನ್ನು ರದ್ದಿ ಕಾಗದದ ಮೇಲೆ ಒತ್ತಿ ಬಣ್ಣ ಇಳಿಸಿಕೊಂಡು ಕೊಡಿ. ಹಾಗೇ ಕೊಟ್ಟರೆ ಮೊದಲ ಅಕ್ಷರದ ಜಾಗದಲ್ಲಿ ದೊಡ್ಡ ಚುಕ್ಕೆ ಬೀಳುತ್ತೆ. ನುಣುಪು ಮೇಲ್ಮೈ ಮೇಲೆ ಐದಾರು ನಿಮಿಷ ಮುಟ್ಟದೆ ಅಡ್ಡಲಾಗಿ ಹಿಡ್ಕೊಳ್ಳಿ. ಮನೆಗೆ ಹೋದ ಖುಷಿಯಲ್ಲಿ, ಸಹಿ ಅಳಿಯದಿರಲಿ ಅಂತ ಕ್ಲಿಯರ್ ಲ್ಯಾಕರ್ (ಪಾರದರ್ಶಕ ಮೆರುಗಿನ ಸ್ಪ್ರೇ) ಜೋರಾಗಿ ಹೊಡೆದು ಸಹಿ ಹರಡಿಸಿಕೊಂಡವರು ಬಹಳ ಜನ, ಯಾಕಂದ್ರೆ ಲ್ಯಾಕರಿನ ಥಿನ್ನರ್ ಮಾರ್ಕರಿನ ಶಾಯಿಯನ್ನು ಕರಗಿಸುತ್ತೆ. ಮೂಲೆಯಲ್ಲಿ ಅದೇ ಪೆನ್ನಿನಿಂದ ಒಂದು ಗೆರೆ ಎಳೆದು ಪರೀಕ್ಷೆ ಮಾಡಿ, ಒಂದಡಿ ದೂರದಿಂದ ಮಂಜು ಕೂತ ಹಾಗೆ ತೆಳುವಾಗಿ ಹೊಡೆದು, ಒಣಗಿಸಿ, ಮತ್ತೆ ಹೊಡೆಯಿರಿ. ಟಿ-ಶರ್ಟ್ ಆದರೆ ಒಳಗೆ ರಟ್ಟು ಇಟ್ಟು ಬಟ್ಟೆ ಬಿಗಿಯಾಗಿ ಹಿಡೀಬೇಕು, ಇಲ್ಲದಿದ್ದರೆ ಪೆನ್ನು ಓಡಲ್ಲ, ಶಾಯಿ ಬೆನ್ನಿಗೂ ಇಳಿಯುತ್ತೆ.

ಟಿಕೆಟ್ ಮೇಲೆ ಸಹಿ ಹಾಕಿಸಿದ್ದರೆ ಇದನ್ನ ಮರೀಬೇಡಿ. ಬಸ್ ಟಿಕೆಟ್ಟಿನ ಥರ ಮೆಷಿನ್ನಿಂದ ಬರೋದು ಥರ್ಮಲ್ ಕಾಗದ. ಜೆರಾಕ್ಸ್ ಅಂಗಡಿಯಲ್ಲಿ ಬಿಸಿ ಲ್ಯಾಮಿನೇಶನ್‌ಗೆ ಕೊಟ್ಟರೆ ಇಡೀ ಕಾಗದ ಕಪ್ಪಾಗಿ ಹೊರಗೆ ಬರುತ್ತೆ. ಅವತ್ತೇ ಸ್ಕ್ಯಾನ್ ಮಾಡಿಟ್ಟು, ಬಿಸಿಲು ಬೀಳದ ಕಡೆ ಫೈಲಿನಲ್ಲಿ ಇಡಿ.

ನಿಮ್ಮದೇ ಫೋನಲ್ಲಿ ಫೋಟೋ ತೆಗೀಬೇಕಾಗಿ ಬಂದರೆ ಲೆನ್ಸ್ ಒರೆಸಿ, ನೈಟ್ ಮೋಡ್ ಆಫ್ ಮಾಡಿ. ಅದು ಒಂದೆರಡು ಸೆಕೆಂಡ್ ಬೆಳಕು ಹಿಡಿಯುತ್ತೆ, ಅಷ್ಟರಲ್ಲಿ ಯಾರಾದರೂ ಅಲ್ಲಾಡಿರ್ತಾರೆ. ಸ್ಕ್ರೀನ್ ಆರೋ ಸಮಯವನ್ನು ಐದು ನಿಮಿಷಕ್ಕೆ ಏರಿಸಿ. ಅಗಲದ ಲೆನ್ಸ್ ಬೇಡ, ಅಂಚಿನಲ್ಲಿ ನಿಂತವರ ಮುಖ ಎಳೆದ ಹಾಗೆ ಬರುತ್ತೆ.

ಏನು ಮಾತಾಡೋದು? 30 ಸೆಕೆಂಡಿಗೆ ಒಂದೇ ವಿಷಯ. 'ಸೂಪರ್ ಸರ್' ಅಂದರೆ ಅವರು ಥ್ಯಾಂಕ್ಸ್ ಅಂತಾರೆ, ಅಲ್ಲಿಗೆ ಮುಗೀತು. ನಿರ್ದಿಷ್ಟವಾಗಿ ಕೇಳಿ: ಆ ಹಾಡಿನ ಗಿಟಾರಿಗೆ ಯಾವ ಟ್ಯೂನಿಂಗ್, ಲೈವ್‌ನಲ್ಲಿ ಶ್ರುತಿ ಯಾಕೆ ಇಳಿಸಿದಿರಿ. ರಘು ದೀಕ್ಷಿತ್ ಅವರು ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರಿಗೆ ಹೊಂದಿಸಿ ಹಾಡ್ತಾರೆ. ಶಿಶುನಾಳ ನಮ್ಮ ಪಕ್ಕದ ಹಾವೇರಿ ಜಿಲ್ಲೆಯದ್ದು. 'ನಮ್ಮೂರ ಭಜನೆಯಲ್ಲಿ ಈ ಪದದ ಧಾಟಿ ಬೇರೆ ಐತಿ ಸರ್, ರೆಕಾರ್ಡಿಂಗ್ ಕಳಿಸ್ಲಾ?' ಅಂತ ಕೇಳೋ ಹುಡುಗನ ಮಾತಿಗೆ ಅಂಥ ಗಾಯಕರು ಖಂಡಿತ ನಿಂತು ಕಿವಿ ಕೊಡ್ತಾರೆ ಅಂತ ನನ್ನ ನಂಬಿಕೆ. ಎರಡು ಸಾಲು ಹಾಡಿ ಅಂತ ಮಾತ್ರ ಕೇಳಬೇಡಿ, ರಾತ್ರಿ ಹಾಡೋಕೇ ಬಂದಿದ್ದಾರೆ. ನಿಮ್ಮ ಹಾಡಿನ ಪೆನ್‌ಡ್ರೈವ್ ಕೊಡಬೇಡಿ, ಗೊತ್ತಿಲ್ಲದವರ ಪೆನ್‌ಡ್ರೈವನ್ನು ಯಾರೂ ಲ್ಯಾಪ್‌ಟಾಪಿಗೆ ಚುಚ್ಚಲ್ಲ. ಮುಟ್ಟೋ ಮುಂಚೆ ಕೇಳಿ, ಗಾಯಕಿಯರ ಜೊತೆಯಂತೂ ಕೈಮುಗಿದು ಒಂದಡಿ ಬಿಟ್ಟು ನಿಲ್ಲಿ. ಗಿಟಾರಿಸ್ಟ್, ಡ್ರಮ್ಮರ್ ಕೈಯನ್ನು ಹಿಂಡಿ ಕುಲುಕಬೇಡಿ, ರಾತ್ರಿಯ ಕೆಲಸವೆಲ್ಲ ಆ ಬೆರಳುಗಳದ್ದೇ.

ಊರಿನ ನೆನಪಿಗೆ ಬೆಣ್ಣೆದೋಸೆ ಪಾರ್ಸಲ್ ತರೋದೂ ಬೇಡ, ಅರ್ಧ ಗಂಟೆಯಲ್ಲಿ ಮೆತ್ತಗಾಗಿ ರುಚಿ ಸತ್ತಿರುತ್ತೆ. ತಿನ್ನಿಸಲೇಬೇಕು ಅಂದರೆ ಬಂದಿಳಿದ ಕೂಡಲೇ ಕಾವಲಿಯಿಂದ ಬಿಸಿಬಿಸಿ ಇಳಿಯೋ ಕಡೆಗೆ ಕರ್ಕೊಂಡು ಹೋಗೋದು ಸಂಘಟಕರ ಕೆಲಸ. ಮಿರ್ಚಿ ಮಂಡಕ್ಕಿ ಶೋ ಆದ ಮೇಲೆ. ಖಾರ, ಎಣ್ಣೆ ಗಂಟಲಿಗೆ ಹತ್ತಿದರೆ ಹಾಡೋದು ಕಷ್ಟ. ಏನಾದರೂ ಕೊಡೋ ಮನಸ್ಸಿದ್ದರೆ ಚಳ್ಳಕೆರೆಯ ಸಣ್ಣ ಕಂಬಳಿ ಕೊಡಿ. ಕೆಡಲ್ಲ, ಒಡೆಯಲ್ಲ, ಅದೇ ರಾತ್ರಿ ಟಿಟಿಯಲ್ಲಿ ಹೊದ್ದುಕೊಳ್ಳೋಕೂ ಆಗುತ್ತೆ.

ಬೆಂಗಳೂರಿಗೆ ಬರೋ ವಿದೇಶಿ ಬ್ಯಾಂಡ್‌ಗಳ ಕಥೆ ಬೇರೆ. 2007ರ ಮಾರ್ಚ್ 17ರ ಐರನ್ ಮೇಡನ್, 2011ರ ಅಕ್ಟೋಬರ್ 30ರ ಮೆಟಾಲಿಕಾ, ಎರಡೂ ಅರಮನೆ ಮೈದಾನದಲ್ಲೇ ಆದವು. ಅಷ್ಟು ದೊಡ್ಡ ಶೋಗಳಲ್ಲಿ ಗೇಟಿನ ಹತ್ತಿರ ಕಾದು ಭೇಟಿ ಆಗೋ ಮಾತೇ ಇಲ್ಲ. ಪ್ಯಾಕೇಜ್ ಕೊಳ್ಳೋವಾಗ ಏನೇನು ಸೇರಿದೆ ಅನ್ನೋ ಪಟ್ಟಿಯನ್ನು ಪೂರ್ತಿ ಓದಿ. ವಿಐಪಿ ಅಂದ ಮಾತ್ರಕ್ಕೆ ಭೇಟಿ ಇರಲ್ಲ. ಬಹಳಷ್ಟು ವಿಐಪಿ ಪ್ಯಾಕೇಜುಗಳಲ್ಲಿ ಇರೋದು ಬೇಗ ಒಳಗೆ ಬಿಡೋದು, ಒಂದು ಟಿ-ಶರ್ಟು, ಕೂರೋಕೆ ಲೌಂಜು. ಭೇಟಿ ಅಂತ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಭೇಟಿ.

ಇದೇ ಆಸೆ ಹಿಡಿದು ಮೋಸ ಮಾಡೋರು ಇದ್ದಾರೆ. ಕಲಾವಿದರ ಹೆಸರು, ಫೋಟೋ ಹಾಕಿದ ಖಾತೆಯಿಂದ 'ನನ್ನ ನಿಜವಾದ ಅಭಿಮಾನಿ ನೀನು' ಅಂತ ಖಾಸಗಿ ಮೆಸೇಜ್ ಬರುತ್ತೆ, ಆಮೇಲೆ ಟೆಲಿಗ್ರಾಮಿಗೆ ಕರೀತಾರೆ, ಫ್ಯಾನ್ ಕಾರ್ಡ್ ಅಥವಾ ಭೇಟಿಯ ಶುಲ್ಕ ಅಂತ ಯುಪಿಐ ಕೇಳ್ತಾರೆ. ಯಾವ ಸಂಗೀತಗಾರರೂ ಹೀಗೆ ದುಡ್ಡು ಕೇಳಲ್ಲ. ಕಳಿಸಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಇನ್ನೊಂದು ಖಾತೆಗೆ ದಾಟೋ ಮುಂಚೆ ತಡೆಯೋ ಅವಕಾಶ ಇರೋದು ಮೊದಲ ಕೆಲವು ಗಂಟೆ ಮಾತ್ರ.

ಈಚೆಗೆ ದೊಡ್ಡ ಶೋಗಳು ತುಮಕೂರು ರಸ್ತೆಯ ಮಾದಾವರದ ನೈಸ್ ಮೈದಾನದಲ್ಲೂ ಆಗ್ತಿರೋದು ನಮಗೆ ಅನುಕೂಲ. ಅದು ನಮ್ಮ ಹೆದ್ದಾರಿಯಲ್ಲೇ, ಊರೊಳಗೆ ಹೋಗೋ ಮುಂಚೆಯೇ ಸಿಗುತ್ತೆ, 2024ರ ನವೆಂಬರಿನಿಂದ ಮಾದಾವರ ತನಕ ಮೆಟ್ರೋ ಕೂಡ ಇದೆ. ವಾಪಸ್ ಬರೋವಾಗ ಮೆಜೆಸ್ಟಿಕ್ ತನಕ ಹೋಗೋದು ಬೇಡ. ಹುಬ್ಬಳ್ಳಿ ಕಡೆಯ ರಾತ್ರಿ ಬಸ್ಸುಗಳು ಗೊರಗುಂಟೆಪಾಳ್ಯದ ಮೇಲೇ ಬರ್ತವೆ. ಸೀಟು ಕಾಯ್ದಿರಿಸೋವಾಗಲೇ ಹತ್ತೋ ಜಾಗ ಅದನ್ನೇ ಹಾಕಿ, ಶೋ ಮುಗಿಯೋ ಸಮಯದಿಂದ ಎರಡು ಗಂಟೆ ಬಿಟ್ಟು ಬಸ್ಸು ಆರಿಸಿ. ಮೈದಾನದಿಂದ ಹೊರಗೆ ಬರೋಕೇ ಒಂದು ಗಂಟೆ ಹಿಡಿಯುತ್ತೆ.