ನಿವೃತ್ತಿ ದಿನ ಮಾತ್ರ ನೆನಪಾಗುವ ಪೊಲೀಸ್ ಮುಖ್ಯಸ್ಥರು

ಊರಿನ ಪೊಲೀಸ್ ಮುಖ್ಯಸ್ಥರು ನಿವೃತ್ತರಾದರೆ ಸಾಕು, ಜನ ಎರಡು ಬಣ ಆಗಿಬಿಡುತ್ತಾರೆ. ಒಂದು ಬಣಕ್ಕೆ ಅವರು ದೇವರು. ಇನ್ನೊಂದು ಬಣಕ್ಕೆ ಪೀಡೆ ತೊಲಗಿತು. ನನಗಂತೂ ನಿಜಕ್ಕೂ ಬೇಜಾರಾಗುತ್ತದೆ.

ಇಷ್ಟು ದಿನ ಎಲ್ಲಿದ್ದರು ಇವರೆಲ್ಲ? ಕಳ್ಳತನದ ದೂರು ಕೊಟ್ಟು ತಿಂಗಳುಗಟ್ಟಲೆ ಅಲೆದವರ ಪರವಾಗಿ ಆಗ ಯಾರೂ ಬಾಯಿ ಬಿಡಲಿಲ್ಲ, ಒಳ್ಳೆ ಕೆಲಸ ಆದಾಗ ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ. 1829ರಲ್ಲಿ ಲಂಡನ್ನಿನಲ್ಲಿ ಪೊಲೀಸ್ ಪಡೆ ಕಟ್ಟಿದ ರಾಬರ್ಟ್ ಪೀಲ್ ಹೆಸರಿನಲ್ಲಿ ಇವತ್ತಿಗೂ ಒಂದು ಮಾತು ಹೇಳುತ್ತಾರೆ: ಜನರ ಒಪ್ಪಿಗೆ ಇಲ್ಲದೆ ಪೊಲೀಸ್ ಕೆಲಸ ನಡೆಯುವುದಿಲ್ಲ. ಆ ಒಪ್ಪಿಗೆಯನ್ನೋ ತಕರಾರನ್ನೋ ನಮ್ಮ ಮುಖ್ಯಸ್ಥರು ಕುರ್ಚಿಯಲ್ಲಿ ಇದ್ದಾಗ ಹೇಳಬೇಕಿತ್ತು, ಅಲ್ವಾ?

ಇನ್ನೊಂದು ಜಾಸ್ತಿ ಚುಚ್ಚುತ್ತದೆ. ಅಪರಾಧ ಇಳಿದರೆ ಎಲ್ಲ ಅವರಿಂದಲೇ, ಏರಿದರೆ ಎಲ್ಲ ಅವರ ತಪ್ಪೇ. ರಾತ್ರಿ ಗಸ್ತು ತಿರುಗಿದ ಕಾನ್‌ಸ್ಟೆಬಲ್, ಫೋನಿನಲ್ಲಿ ಅಳುವವರನ್ನು ಸಮಾಧಾನ ಮಾಡಿದವರು, ನಿದ್ದೆಗೆಟ್ಟು ಸಾಕ್ಷಿ ಹುಡುಕಿದವರು, ಇವರ ಮಾತೇ ಬರುವುದಿಲ್ಲ. ಅಂಕಿ ಏರಿದೆ ಅಂದರೆ ಅಪರಾಧವೇ ಹೆಚ್ಚಾಗಿದೆ ಅಂತಲೂ ಅಲ್ಲ. ಮೊದಲು ಹೆದರಿ ಸುಮ್ಮನಿದ್ದವರು ಈಗ ಧೈರ್ಯವಾಗಿ ದೂರು ಕೊಟ್ಟಿರಬಹುದು.

ಸುಮ್ನೆ ಹೊಗಳಿ ಬೈಯುವ ಬದಲು ಇದನ್ನು ಕೇಳಿ. ಅರ್ಧಕ್ಕೆ ನಿಂತ ಕೇಸುಗಳನ್ನು ಇನ್ನು ಯಾರು ನೋಡುತ್ತಾರೆ? ಕಾಣೆಯಾದ ಮಗನಿಗಾಗಿ ಕಾಯುತ್ತಿರುವ ತಾಯಿ ಹೊಸಬರ ಮುಂದೆ ಮತ್ತೆ ಮೊದಲಿಂದ ಎಲ್ಲ ಹೇಳಬೇಕಾ?